ನಲ್ಲಿಯ ನೀರಿಗೂ ಮೋರಿಯ ನೀರಿಗೂ ಒಂದೇ ಲೆಕ್ಕ ಇಡಿ: ಚಿಕ್ಕಮಗಳೂರಿನಿಂದ ಒಂದು ಬಹಿರಂಗ ಪತ್ರ

ಚಿಕ್ಕಮಗಳೂರು ನಗರದ ಕುಡಿಯುವ ನೀರು ಮತ್ತು ಒಳಚರಂಡಿಯ ಹೊಣೆ ಹೊತ್ತಿರುವ ಅಧಿಕಾರಿಗಳಿಗೆ, ಎಂಜಿನಿಯರುಗಳಿಗೆ, ನಾವು ಆರಿಸಿ ಕಳಿಸಿದ ಪ್ರತಿನಿಧಿಗಳಿಗೆ,

ಮಾನ್ಯರೇ, ನಮಸ್ಕಾರ.

ನಾನು ಈ ಊರಿನಲ್ಲಿ ಹದಿನಾರು ವರ್ಷದಿಂದ ಸಣ್ಣದೊಂದು ಊಟದ ಮೆಸ್ ನಡೆಸುತ್ತಿದ್ದೇನೆ. ದಿನಕ್ಕೆ ಅರವತ್ತು ಎಪ್ಪತ್ತು ಜನ ಬರುತ್ತಾರೆ. ಕಾಲೇಜು ಮಕ್ಕಳು, ಅಂಗಡಿಗಳಲ್ಲಿ ಕೆಲಸ ಮಾಡುವವರು, ಆಸ್ಪತ್ರೆಗೆಂದು ಹಳ್ಳಿಯಿಂದ ಬಂದವರು. ಅಕ್ಕಿ, ಬೇಳೆ, ತರಕಾರಿ ಎಲ್ಲವನ್ನೂ ನಾನೇ ನೋಡಿ, ಮುಟ್ಟಿ, ಆರಿಸಿ ತರುತ್ತೇನೆ. ನೀರನ್ನು ಮಾತ್ರ ಆರಿಸಲು ಆಗುವುದಿಲ್ಲ. ನೀವು ಬಿಟ್ಟ ನೀರಿನಲ್ಲೇ ನನ್ನ ಅಡುಗೆ ಆಗಬೇಕು. ಅದಕ್ಕೇ ಇದನ್ನು ನಿಮಗೆ ಬರೆಯುತ್ತಿದ್ದೇನೆ.

ಕಳೆದ ಮಳೆಗಾಲ ಶುರುವಾದ ವಾರ. ಮೂರು ದಿನ ನೀರು ಬಂದಿರಲಿಲ್ಲ. ನಾಲ್ಕನೇ ದಿನ ಬೆಳಗಿನ ಜಾವ ನಲ್ಲಿಯಲ್ಲಿ ಗಾಳಿಯ ಸದ್ದು ಬಂತು. ನಮ್ಮ ಬೀದಿಯ ಹೆಂಗಸರಿಗೆಲ್ಲ ಆ ಸದ್ದು ಗೊತ್ತು. ನಿದ್ದೆಗಣ್ಣಲ್ಲೇ ಎದ್ದು ಹೋಗಿ ಬಿಂದಿಗೆ ಇಡುತ್ತೇವೆ. ಮೊದಲು ಬಂದದ್ದು ಚಹಾ ಬಣ್ಣದ ನೀರು. ಮಳೆಗಾಲದಲ್ಲಿ ಅದು ಹೊಸದಲ್ಲ, ಸ್ವಲ್ಪ ಹೊತ್ತು ಬಿಟ್ಟರೆ ತಿಳಿಯಾಗುತ್ತದೆ ಎಂದು ಕಾದೆ. ನೀರು ತಿಳಿಯಾಯಿತು. ಆದರೆ ವಾಸನೆ ಹೋಗಲಿಲ್ಲ. ಅದು ಮೋರಿಯ ವಾಸನೆ. ನಾನು ಸಂಪಿಗೆ ಹೋಗುವ ವಾಲ್ವ್ ಮುಚ್ಚಿಬಿಟ್ಟೆ. ಎಲ್ಲರೂ ಆ ಹೊತ್ತಿಗೆ ಎದ್ದು ಮೂಸಿ ನೋಡುತ್ತಾರಾ? ಪಕ್ಕದ ಮನೆಗಳ ಸಂಪು ಅಷ್ಟರಲ್ಲಿ ತುಂಬಿತ್ತು.

ಎರಡು ದಿನ ಕಳೆಯುವಷ್ಟರಲ್ಲಿ ನಮ್ಮ ಸಾಲಿನ ಎಂಟು ಮನೆಗಳಲ್ಲಿ ಐದು ಮನೆಯವರಿಗೆ ವಾಂತಿ ಭೇದಿ. ಎದುರು ಮನೆಯ ನಾಲ್ಕು ವರ್ಷದ ಮಗುವಿಗೆ ಡ್ರಿಪ್ ಹಾಕಿಸಬೇಕಾಯಿತು. ಆ ಮಗು ಗುಣವಾಗಿ ಮನೆಗೆ ಬರುವವರೆಗೂ ನನ್ನ ಕೈಕಾಲು ಆಡಲಿಲ್ಲ. ನನ್ನ ಕೈಯಿಂದ ಯಾರಿಗೂ ಏನೂ ಆಗಬಾರದು ಅಂತ ಮೆಸ್ಸನ್ನು ನಾಲ್ಕು ದಿನ ಮುಚ್ಚಿದೆ. ನಷ್ಟದ ಮಾತು ಇಲ್ಲಿ ಬೇಡ.

ಆ ನಾಲ್ಕು ದಿನ ನಡೆದದ್ದನ್ನು ಮಾತ್ರ ಹೇಳಲೇಬೇಕು. ದೂರು ಕೊಡಲು ಫೋನ್ ಮಾಡಿದೆವು. ನೀರಿನವರು, ವಾಸನೆ ಅಂದರೆ ಅದು ಒಳಚರಂಡಿಯವರ ಕೆಲಸ ಎಂದರು. ಒಳಚರಂಡಿಯವರು, ಇದು ಕುಡಿಯುವ ನೀರಿನ ಪೈಪು, ನಮಗೆ ಬರುವುದಿಲ್ಲ ಎಂದರು. ಪೈಪು ಹಾಕಿದ ಕಂಟ್ರಾಕ್ಟರನ್ನು ಕೇಳಿ ಎಂದು ಇನ್ನೊಬ್ಬರು ಹೇಳಿದರು. ಆ ಕಂಟ್ರಾಕ್ಟರು ಯಾರು ಎಂದು ಕೇಳಿದರೆ ಯಾರ ಹತ್ತಿರವೂ ಉತ್ತರವಿಲ್ಲ. ಕೊನೆಗೆ ನಮ್ಮ ಬೀದಿಗೆ ನೀರು ಬಿಡುವ ವಾಟರ್‌ಮನ್ ತಾವಾಗಿಯೇ ಹಾರೆ ಹಿಡಿದು ಬಂದರು. ಅದು ಅವರ ಡ್ಯೂಟಿಯ ಹೊತ್ತೂ ಆಗಿರಲಿಲ್ಲ. ಮೂರು ಕಡೆ ಅಗೆದ ಮೇಲೆ ಕಾರಣ ಸಿಕ್ಕಿತು. ಒಂದು ಮನೆಗೆ ಕೊಟ್ಟ ಹಳೆಯ ಕಬ್ಬಿಣದ ಪೈಪು ರಸ್ತೆ ಬದಿಯ ಮೋರಿಯ ಒಳಗೇ ಹಾದುಹೋಗಿತ್ತು. ತುಕ್ಕು ಹಿಡಿದು ಬೆರಳು ಹೋಗುವಷ್ಟು ತೂತಾಗಿತ್ತು. ಮಳೆಗೆ ಮೋರಿ ತುಂಬಿದಾಗ ಆ ಪೈಪು ಪೂರ್ತಿ ಕೊಳಚೆಯಲ್ಲಿ ಮುಳುಗಿತ್ತು.

ವಾಟರ್‌ಮನ್ ಆವತ್ತು ನನಗೆ ಒಂದು ವಿಷಯ ಬಿಡಿಸಿ ಹೇಳಿದರು. ಅಕ್ಕ, ನೀರು ಬಿಟ್ಟಿರುವಾಗ ತೂತಿನಿಂದ ನೀರು ಹೊರಗೆ ಚಿಮ್ಮುತ್ತದೆ, ಆಗ ಅಪಾಯ ಕಡಿಮೆ. ನೀರು ನಿಂತ ಮೇಲೆ ಪೈಪು ಖಾಲಿಯಾಗುತ್ತದಲ್ಲ, ಆಗ ಅದೇ ತೂತಿನಿಂದ ಮೋರಿಯದ್ದನ್ನು ಒಳಗೆ ಎಳೆದುಕೊಳ್ಳುತ್ತದೆ. ಮತ್ತೆ ನೀರು ಬಿಟ್ಟಾಗ ಅದೇ ಎಲ್ಲರ ಮನೆಗೆ ಮೊದಲು ಹೋಗುತ್ತದೆ. ಇದರ ಮೇಲೆ ಯಾರಾದರೂ ನಲ್ಲಿಗೇ ನೇರವಾಗಿ ಮೋಟರ್ ಹಾಕಿ ಎಳೆದರೆ ಕೊಳಚೆ ಇನ್ನೂ ಜಾಸ್ತಿ ಬರುತ್ತದೆ. ಅಂದರೆ ನೀರು ಬಾರದ ದಿನ ನಮಗೆ ಬರೀ ನೀರಿನ ಕೊರತೆ ಆಗುವುದಲ್ಲ. ಆ ದಿನವೇ ಪೈಪಿನೊಳಗೆ ರೋಗ ಸೇರುತ್ತದೆ.

ನೀವು ಎಂಜಿನಿಯರುಗಳು. ಇದು ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಹುಬ್ಬಳ್ಳಿ-ಧಾರವಾಡ, ಬೆಳಗಾವಿ, ಕಲಬುರಗಿಯ ಕೆಲವು ವಾರ್ಡುಗಳಲ್ಲಿ ದಿನದ 24 ಗಂಟೆ ನೀರು ಕೊಡುವ ಪ್ರಯೋಗ 2008ರ ಹೊತ್ತಿಗೇ ಶುರುವಾಗಿತ್ತು. ಅದರ ಲಾಭ ಬರೀ ಅನುಕೂಲದ್ದಲ್ಲ, ಪೈಪು ಸದಾ ತುಂಬಿದ್ದರೆ ಹೊರಗಿನದು ಒಳಗೆ ಬರುವುದಿಲ್ಲ. ನಮ್ಮಲ್ಲಿ ನಾಳೆಯೇ ಅದು ಆಗಲಿ ಎಂದು ನಾನು ಕೇಳುತ್ತಿಲ್ಲ. ಆದರೆ ಮೋರಿಯೊಳಗೆ ಹಾದುಹೋದ ಪೈಪನ್ನು ಹುಡುಕಿ ಮೇಲೆತ್ತಲು 24 ಗಂಟೆಯ ಯೋಜನೆ ಬೇಕಿಲ್ಲ ಅಲ್ವಾ? 2023ರ ಆಗಸ್ಟ್‌ನಲ್ಲಿ ಚಿತ್ರದುರ್ಗದ ಕವಾಡಿಗರಹಟ್ಟಿಯಲ್ಲಿ ಕಲುಷಿತ ನೀರು ಕುಡಿದು ಜನ ಪ್ರಾಣ ಕಳೆದುಕೊಂಡರು. ನೂರಾರು ಕಿಲೋಮೀಟರ್ ದೂರದ ಊರಲ್ಲ ಅದು. ಆ ಸುದ್ದಿ ಓದಿದಾಗ ಅಯ್ಯೋ ಪಾಪ ಎಂದು ಪೇಪರ್ ಮಡಿಸಿಟ್ಟಿದ್ದೆ. ಎದುರು ಮನೆಯ ಮಗುವಿನ ಕೈಗೆ ಸೂಜಿ ಚುಚ್ಚಿದ್ದನ್ನು ನೋಡಿದ ದಿನ ಆ ಸುದ್ದಿ ಮತ್ತೆ ನೆನಪಾಯಿತು.

ಇಲ್ಲಿಂದ ಮುಂದೆ ನಾನು ಬೀದಿಯ ವಿಷಯ ಬಿಟ್ಟು ಊರಿನ ವಿಷಯಕ್ಕೆ ಬರುತ್ತೇನೆ. ಈ ಗಲಾಟೆಯ ನಂತರ ನಮ್ಮ ನೀರು ಎಲ್ಲಿಂದ ಬರುತ್ತದೆ, ಎಲ್ಲಿಗೆ ಹೋಗುತ್ತದೆ ಎಂದು ಕೇಳುತ್ತಾ ಹೋದೆ. ನಮಗೆ ಎರಡು ಕಡೆಯಿಂದ ನೀರು. ಒಂದು ಹಿರೇಕೊಳಲೆ ಕೆರೆ. ಇನ್ನೊಂದು ಯಗಚಿ ಹೊಳೆ. ಯಗಚಿ ಹುಟ್ಟುವುದು ನಮ್ಮದೇ ಬಾಬಾಬುಡನ್ ಗಿರಿ ಸಾಲಿನಲ್ಲಿ. ನಮ್ಮ ಊರಿನ ಪಕ್ಕದಲ್ಲೇ ಹಾದು ಕೆಳಗೆ ಬೇಲೂರಿನ ಕಡೆ ಹೋಗುತ್ತದೆ. ಅಲ್ಲಿ ಅಣೆಕಟ್ಟು. ಆ ಜಲಾಶಯದಿಂದ ಸುಮಾರು 25 ಕಿಲೋಮೀಟರ್ ದೂರ, ಎತ್ತರಕ್ಕೆ ಪಂಪ್ ಮಾಡಿ ನೀರನ್ನು ಮತ್ತೆ ನಮ್ಮೂರಿಗೆ ತರುತ್ತೀರಿ.

ಈಗ ದಯವಿಟ್ಟು ಒಂದು ನಿಮಿಷ ಯೋಚಿಸಿ. ಜಲಾಶಯ ಇರುವುದು ನಮಗಿಂತ ಕೆಳಗೆ. ನಮ್ಮೂರಿನ ಯಾವ ಯಾವ ಬಡಾವಣೆಯ ಇಳಿಜಾರು ಯಗಚಿಯ ಕಡೆಗಿದೆಯೋ ಅಲ್ಲಿಯ ಪಾತ್ರೆ ತೊಳೆದ ನೀರು, ಬಚ್ಚಲ ನೀರು, ಶೌಚದ ನೀರು ಶುದ್ಧವಾಗದೆ ಹೊರಬಿದ್ದರೆ ಆ ಹಳ್ಳ, ಈ ಕಾಲುವೆ ಹಿಡಿದು ಇಳಿಯುವುದು ಅದೇ ಹೊಳೆಗೆ. ನನ್ನ ಮೆಸ್ಸಿನ ಹಿಂದಿನ ಮೋರಿಯ ನೀರು ಕೂಡ ಅದರಲ್ಲಿ ಇರಬಹುದು. ಬೇಲೂರಿನವರು ಅದೇ ಹೊಳೆಯನ್ನು ನಂಬಿದ್ದಾರೆ. ನಾವೂ ಅದನ್ನೇ ಕರೆಂಟ್ ಖರ್ಚು ಮಾಡಿ ಮೇಲೆತ್ತಿ ತಂದು ಕುಡಿಯುತ್ತೇವೆ. ಮುಂದೆ ಯಗಚಿ ಗೊರೂರಿನ ಹತ್ತಿರ ಹೇಮಾವತಿಯನ್ನು ಸೇರುತ್ತದೆ. ಗೊರೂರಿನ ನೀರನ್ನು ಹಾಸನ ಕುಡಿಯುತ್ತದೆ. ಹೇಮಾವತಿ ಹೋಗಿ ಕಾವೇರಿಯನ್ನು ಸೇರುತ್ತದೆ. ನಾವು ಮೇಲಿನವರು. ಎಷ್ಟು ಊರುಗಳ ಬಿಂದಿಗೆ ನಮ್ಮ ಕೈಯಲ್ಲಿದೆ ನೋಡಿ.

ಇದು ಬರೀ ನನ್ನ ಹೆದರಿಕೆಯಲ್ಲ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ 2018ರಲ್ಲಿ ದೇಶದ 351 ಕಲುಷಿತ ನದಿ ಭಾಗಗಳ ಪಟ್ಟಿ ಮಾಡಿತ್ತು. ಅದರಲ್ಲಿ ಕರ್ನಾಟಕದ್ದು 17. ತುಂಗೆ, ಭದ್ರೆ, ಕಾವೇರಿಯ ಜೊತೆ ನಮ್ಮ ಪುಟ್ಟ ಯಗಚಿಯ ಹೆಸರೂ ಇತ್ತು. ಐದು ದರ್ಜೆಗಳಲ್ಲಿ ಕೊನೆಯದು, ಅಂದರೆ ಎಲ್ಲಕ್ಕಿಂತ ಕಡಿಮೆ ಕೊಳೆಯ ದರ್ಜೆ. ಅದನ್ನು ಓದಿ ನನಗೆ ದುಃಖವೂ ಆಯಿತು, ಸ್ವಲ್ಪ ಧೈರ್ಯವೂ ಬಂತು. ಕೈ ಮೀರಿ ಹೋಗಿರುವ ಹೊಳೆಯಲ್ಲ ಇದು. ಈಗ ಹಿಡಿದರೆ ಉಳಿಯುತ್ತದೆ.

ಹಿಡಿಯಬೇಕಾದರೆ ಲೆಕ್ಕ ಬೇಕು. ನಾನು ಅಡುಗೆಯವಳು, ಲೆಕ್ಕವಿಲ್ಲದೆ ಒಂದು ದಿನವೂ ನಡೆಯುವುದಿಲ್ಲ. 2011ರ ಜನಗಣತಿಯಲ್ಲಿ ನಮ್ಮ ನಗರದ ಜನಸಂಖ್ಯೆ 1,18,401. ಒಳಚರಂಡಿ ಇರುವ ಊರಿಗೆ ತಲೆಗೆ ದಿನಕ್ಕೆ 135 ಲೀಟರ್ ನೀರು ಕೊಡಬೇಕು ಎಂಬುದು ಕೇಂದ್ರ ಸರ್ಕಾರದ ಕೈಪಿಡಿಯ ಅಳತೆ. ಗುಣಿಸಿದರೆ ದಿನಕ್ಕೆ ಸುಮಾರು 1 ಕೋಟಿ 60 ಲಕ್ಷ ಲೀಟರ್. ಕೊಟ್ಟ ನೀರಿನಲ್ಲಿ ನೂರಕ್ಕೆ ಸುಮಾರು 80 ಭಾಗ ಕೊಳಚೆಯಾಗಿ ಹೊರಗೆ ಬರುತ್ತದೆ ಎಂದು ಎಂಜಿನಿಯರುಗಳು ಲೆಕ್ಕ ಹಾಕುತ್ತಾರೆ. ಅಂದರೆ 1 ಕೋಟಿ 28 ಲಕ್ಷ ಲೀಟರ್. ಐದು ಸಾವಿರ ಲೀಟರಿನ ಟ್ಯಾಂಕರುಗಳಲ್ಲಿ ತುಂಬಿದರೆ 2,500ಕ್ಕೂ ಜಾಸ್ತಿ ಟ್ಯಾಂಕರ್. ಪ್ರತಿ ದಿನ. ಅದೂ 2011ರ ಜನಕ್ಕೆ. ಆಮೇಲೆ ಊರು ಎಷ್ಟು ಬೆಳೆದಿದೆ ಎಂದು ಬೇಲೂರು ರಸ್ತೆಯಲ್ಲೋ ಕಡೂರು ರಸ್ತೆಯಲ್ಲೋ ಹೋಗಿ ಬಂದವರಿಗೆಲ್ಲ ಗೊತ್ತು. ಶನಿವಾರ ಭಾನುವಾರ ಮುಳ್ಳಯ್ಯನಗಿರಿಗೆ ಬರುವ ಜನರನ್ನು ಈ ಲೆಕ್ಕದಲ್ಲಿ ಸೇರಿಸಿಯೇ ಇಲ್ಲ. ಅವರೂ ಇಲ್ಲೇ ಸ್ನಾನ ಮಾಡುತ್ತಾರೆ, ಇಲ್ಲೇ ಉಣ್ಣುತ್ತಾರೆ. ನನ್ನ ಮೆಸ್ಸಿಗೂ ಬರುತ್ತಾರೆ, ಬರಲಿ.

ನನ್ನ ಪ್ರಶ್ನೆ ಇಷ್ಟೇ. ಹೀಗೆ ಹೊರಗೆ ಬರುವ ನೀರಿನಲ್ಲಿ ದಿನಕ್ಕೆ ಎಷ್ಟು ಲೀಟರ್ ಶುದ್ಧೀಕರಣ ಘಟಕಕ್ಕೆ ನಿಜವಾಗಿ ಮುಟ್ಟುತ್ತದೆ? ಎಷ್ಟು ಶುದ್ಧವಾಗಿ ಹೊರಗೆ ಹೋಗುತ್ತದೆ? ಉಳಿದದ್ದು ಎಲ್ಲಿಗೆ ಹೋಗುತ್ತದೆ? ಘಟಕ ಎಷ್ಟು ದೊಡ್ಡದು ಎಂದು ನಾನು ಕೇಳುತ್ತಿಲ್ಲ. ಮನೆಯಲ್ಲಿ ದೊಡ್ಡ ಪಾತ್ರೆ ಇದೆ ಎಂದರೆ ಅಡುಗೆ ಆಗಿದೆ ಎಂದಲ್ಲ. ನಮ್ಮ ಬೀದಿಯಲ್ಲೇ ಒಳಚರಂಡಿಯ ಪೈಪು ಹಾಕಿ, ಮನೆ ಮುಂದೆ ಚೇಂಬರ್ ಕಟ್ಟಿ ವರ್ಷಗಳಾಗಿವೆ. ಅರ್ಧದಷ್ಟು ಮನೆಗಳು ಇನ್ನೂ ಅದಕ್ಕೆ ಸೇರಿಲ್ಲ. ಕೆಲವರಿಗೆ ದುಡ್ಡಿನ ತೊಂದರೆ. ಕೆಲವರ ಬಚ್ಚಲು ಚೇಂಬರಿಗಿಂತ ತಗ್ಗಿನಲ್ಲಿದೆ, ನೀರು ಹರಿಯುವುದೇ ಇಲ್ಲ. ಹಾಗೆ ಪೈಪು ಹಾಕುವಾಗ ಒಬ್ಬರಾದರೂ ಮನೆಯೊಳಗೆ ಬಂದು ಮಟ್ಟ ನೋಡಿದ್ದರೆ ಇದು ಆಗುತ್ತಿರಲಿಲ್ಲ.

ನಗರಗಳ ನೀರು, ಒಳಚರಂಡಿಗೆ ಹಣ ಕೊಡಲು ಕೇಂದ್ರ ಸರ್ಕಾರ 2015ರಲ್ಲಿ ಶುರು ಮಾಡಿದ ಅಮೃತ್ ಯೋಜನೆಗೆ ಆರಿಸಿದ ನಗರಗಳಲ್ಲಿ ನಮ್ಮದೂ ಒಂದು. ಹಣ ಬಂದಾಗ ರಸ್ತೆ ಅಗೆದದ್ದನ್ನು ನೋಡಿದ್ದೇವೆ, ಮುಚ್ಚಿದ್ದನ್ನೂ ನೋಡಿದ್ದೇವೆ. ನಮ್ಮ ಬೀದಿಯನ್ನು ನೀರಿನ ಪೈಪಿಗೆ ಒಮ್ಮೆ, ಒಳಚರಂಡಿಗೆ ಒಮ್ಮೆ ಅಗೆದರು. ಕಾಂಕ್ರೀಟ್ ಹಾಕಿದ ಮೇಲೆ ಮತ್ತೊಮ್ಮೆ ಅಗೆದರು. ಪ್ರತಿ ಸಲ ಅಗೆದಾಗಲೂ ಇನ್ನೊಬ್ಬರ ಪೈಪು ಒಡೆಯಿತು. ನೆಲದೊಳಗೆ ಯಾವುದು ಎಲ್ಲಿದೆ ಎಂದು ಒಂದು ನಕ್ಷೆ ಇಲ್ಲವೇ ಎಂದು ಕೆಲಸದವರನ್ನು ಕೇಳಿದೆ. ನಮ್ಮ ವಾಟರ್‌ಮನ್ನಿಗೆ ಗೊತ್ತಿದೆ, ಅವರನ್ನು ಕೇಳಿ ಅಗೆಯುತ್ತೇವೆ ಎಂದರು. ಅವರು ನಿವೃತ್ತರಾದ ಮೇಲೆ ಯಾರನ್ನು ಕೇಳುತ್ತೀರಿ? ಊರಿನ ನೀರಿನ ಅರ್ಧ ನಕ್ಷೆ ಒಬ್ಬ ಮನುಷ್ಯನ ನೆನಪಿನಲ್ಲಿದೆ. ಅವರು ಖಾಯಂ ನೌಕರರೂ ಅಲ್ಲ.

ಇನ್ನೊಂದು ದಿನದ ವಿಷಯ ಬರೆಯಲು ಕೈ ನಡುಗುತ್ತದೆ, ಆದರೂ ಬರೆಯುತ್ತೇನೆ. ಆಷಾಢದ ಮಳೆಯಲ್ಲಿ ನಮ್ಮ ಬೀದಿಯ ಕೊನೆಯ ಮ್ಯಾನ್‌ಹೋಲ್ ಉಕ್ಕಿ ಹರಿಯಿತು. ಎರಡನೇ ದಿನ ಇಬ್ಬರು ಹುಡುಗರು ಬಂದರು. ಯಾರೋ ಕೂಲಿಗೆ ಕಳಿಸಿದ್ದರು. ಒಬ್ಬ ಅಂಗಿ ಬಿಚ್ಚಿಟ್ಟು, ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಇಳಿಯಲು ಕಾಲು ಇಟ್ಟೇಬಿಟ್ಟಿದ್ದ. ಇಪ್ಪತ್ತೆರಡು ವರ್ಷ ಇರಬಹುದು, ನನ್ನ ಮಗನಷ್ಟು. ನಾನು ಕೂಗಿಕೊಂಡು ಓಡಿದೆ. ಬೀದಿಯವರು ಸೇರಿ ತಡೆದೆವು. ಮನುಷ್ಯರನ್ನು ಹಾಗೆ ಇಳಿಸುವುದು ಮಲ ಹೊರುವ ಪದ್ಧತಿಯನ್ನು ನಿಷೇಧಿಸಿದ 2013ರ ಕಾನೂನಿನ ಪ್ರಕಾರ ಅಪರಾಧ. ಒಳಗಿನ ವಿಷಗಾಳಿಗೆ ಒಂದೆರಡು ಉಸಿರು ಸಾಕು, ಮೇಲೆ ನಿಂತವನಿಗೆ ಎಳೆಯಲೂ ಸಮಯ ಸಿಗುವುದಿಲ್ಲ. ಆ ಹುಡುಗ ನನ್ನನ್ನು ನೋಡಿ, ಇಳಿಯದಿದ್ದರೆ ಇವತ್ತಿನ ಕೂಲಿ ಹೋಗುತ್ತದೆ ಅಮ್ಮ ಎಂದ. ಆ ದಿನ ಇಬ್ಬರಿಗೂ ಊಟ ಹಾಕಿ ಕಳಿಸಿದೆ. ಅದಕ್ಕಿಂತ ಜಾಸ್ತಿ ನನ್ನಿಂದ ಆಗಲಿಲ್ಲ. ನಿಮ್ಮಿಂದ ಆಗುತ್ತದೆ. ಕೊಳಚೆ ಹೀರುವ ಸಕ್ಕಿಂಗ್ ಮಷಿನ್, ನೀರು ರಭಸವಾಗಿ ಬಿಟ್ಟು ಕಟ್ಟಿಕೊಂಡದ್ದನ್ನು ಬಿಡಿಸುವ ಜೆಟ್ಟಿಂಗ್ ಮಷಿನ್ ಎಷ್ಟು ಬೇಕೋ ಅಷ್ಟು ತರಿಸಿ. ಕೆಟ್ಟಿದ್ದರೆ ಮಳೆಗಾಲಕ್ಕೆ ಮೊದಲೇ ರಿಪೇರಿ ಮಾಡಿಸಿ. ಯಾವ ಕಂಟ್ರಾಕ್ಟರೂ ಯಾವ ಕಾರಣಕ್ಕೂ ಮನುಷ್ಯರನ್ನು ಇಳಿಸಬಾರದು.

ಆ ಮ್ಯಾನ್‌ಹೋಲ್ ಉಕ್ಕಿದ್ದಕ್ಕೆ ನಮ್ಮ ತಪ್ಪೂ ಇದೆ. ಇದನ್ನು ನನ್ನ ಬೀದಿಯವರಿಗೂ ಹೇಳಬೇಕು. ಮಾಳಿಗೆಯ ಮಳೆ ನೀರನ್ನು ಒಳಚರಂಡಿಗೆ ಬಿಟ್ಟಿದ್ದೇವೆ. ನಮ್ಮದು ಮಲೆನಾಡಿನ ಸೆರಗು. ಇಲ್ಲಿ ಮಳೆ ಹಿಡಿದರೆ ಒಂದೊಂದು ಮನೆಯ ಮಾಳಿಗೆಯಿಂದ ಸುರಿಯುವ ನೀರಿಗೆ ಆ ಸಣ್ಣ ಪೈಪು ಸಾಲುವುದೇ ಇಲ್ಲ. ಮನೆಯ ಕೊಳಚೆಗೆಂದು ಹಾಕಿದ ಪೈಪು ಅದು. ಹೋಟೆಲು, ಮೆಸ್ಸುಗಳ ಜಿಡ್ಡು ಬೇರೆ. ನಾನು ಈಗ ಪಾತ್ರೆ ತೊಳೆಯುವ ಜಾಗದಲ್ಲಿ ಜಿಡ್ಡು ತಡೆಯುವ ಸಣ್ಣ ತೊಟ್ಟಿ ಕಟ್ಟಿಸಿದ್ದೇನೆ, ವಾರಕ್ಕೊಮ್ಮೆ ತೆಗೆಯುತ್ತೇನೆ. ನಲ್ಲಿಗೆ ನೇರ ಮೋಟರ್ ಹಾಕುವವರನ್ನು ನಾವು ನೆರೆಹೊರೆಯವರೇ ಮಾತಾಡಿ ಬಿಡಿಸುತ್ತಿದ್ದೇವೆ. ನಾವು ನಮ್ಮ ಕೆಲಸ ಶುರು ಮಾಡಿದ್ದೇವೆ.

ಈಗ ನಿಮ್ಮಲ್ಲಿ ಕೇಳುವುದು.

ಮೊದಲನೆಯದಾಗಿ, ಮುಂದಿನ ಮಳೆಗಾಲಕ್ಕೆ ಮುಂಚೆ ಪ್ರತಿ ವಾರ್ಡಿನಲ್ಲೂ ಬೀದಿ ಬೀದಿ ನಡೆದು ಮೋರಿಯೊಳಗೆ ಹಾದುಹೋದ ನೀರಿನ ಪೈಪುಗಳನ್ನು ಗುರುತು ಮಾಡಿ. ಅವನ್ನು ಮೇಲೆತ್ತಿ, ಹಳೆಯದಾಗಿದ್ದರೆ ಬದಲಿಸಿ. ವಾಟರ್‌ಮನ್‌ಗಳನ್ನು ಜೊತೆಗೆ ಕರೆದುಕೊಂಡು ಹೋಗಿ, ಅವರಿಗೆ ಗೊತ್ತಿರುವುದನ್ನೆಲ್ಲ ಆ ನಡಿಗೆಯಲ್ಲೇ ನಕ್ಷೆಗೆ ಇಳಿಸಿ. ಬಡವರ ಮನೆಗೆ ಪೈಪು ಬದಲಿಸುವ ಖರ್ಚನ್ನು ಅವರ ಮೇಲೆ ಹಾಕಬೇಡಿ.

ಎರಡನೆಯದು ಕ್ಲೋರಿನ್. ಟ್ಯಾಂಕಿಯಲ್ಲಿ ಎಷ್ಟು ಹಾಕಿದಿರಿ ಎಂಬುದು ಮುಖ್ಯವಲ್ಲ, ಕೊನೆಯ ಮನೆಯ ನಲ್ಲಿಗೆ ಎಷ್ಟು ಉಳಿದು ಬರುತ್ತದೆ ಎಂಬುದು ಮುಖ್ಯ. ಕುಡಿಯುವ ನೀರಿನ ಭಾರತೀಯ ಮಾನಕದಲ್ಲಿ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಉಳಿದಿರಬೇಕು ಎಂದಿದೆ. ಎರಡು ಹನಿ ದ್ರಾವಣ ಹಾಕಿದರೆ ಹಳದಿಗೆ ತಿರುಗುವ ಪುಟ್ಟ ಕಿಟ್ ಸಾಕು ನೋಡಲು. ಪ್ರತಿ ವಾರ್ಡಿನ ಕೊನೆಯ ಬೀದಿಯಲ್ಲಿ ನೀರು ಬಿಟ್ಟ ದಿನ ನೋಡಿ, ಅಂಗನವಾಡಿ ಗೋಡೆಯ ಮೇಲೆ ಬರೆಸಿ. ಆ ಕಿಟ್ ನನಗೊಂದು ಕೊಟ್ಟರೆ ನಮ್ಮ ಬೀದಿಯದ್ದನ್ನು ನಾನೇ ನೋಡಿ ಬರೆಯುತ್ತೇನೆ. ನಮ್ಮ ಸ್ತ್ರೀಶಕ್ತಿ ಸಂಘದ ಹೆಂಗಸರೂ ಬರುತ್ತಾರೆ. ರೋಗಾಣು ಪರೀಕ್ಷೆಯ ಫಲಿತಾಂಶವನ್ನೂ ಹಾಗೆಯೇ ತಿಂಗಳಿಗೊಮ್ಮೆ ಎಲ್ಲರಿಗೂ ಕಾಣುವಂತೆ ಹಾಕಿ.

ಮೂರನೆಯದೇ ನನ್ನ ದೊಡ್ಡ ಕೋರಿಕೆ. ನೀರು ತರುವ ಕೆಲಸವನ್ನೂ ಕೊಳಚೆ ಕಳಿಸುವ ಕೆಲಸವನ್ನೂ ಬೇರೆ ಬೇರೆ ಮೇಜಿನ ಮೇಲೆ ಇಡಬೇಡಿ. ಎರಡಕ್ಕೂ ಹೊಣೆಯಾಗುವ ಒಬ್ಬ ಅಧಿಕಾರಿ ಇರಲಿ, ಒಂದೇ ದೂರಿನ ನಂಬರ್ ಇರಲಿ, ಒಂದೇ ನಕ್ಷೆ ಇರಲಿ. ಯಗಚಿಯಿಂದ, ಹಿರೇಕೊಳಲೆಯಿಂದ ಎಷ್ಟು ಬಂತು, ಮನೆಗಳಿಗೆ ಎಷ್ಟು ಮುಟ್ಟಿತು, ದಾರಿಯಲ್ಲಿ ಎಷ್ಟು ಸೋರಿತು, ಕೊಳಚೆ ಎಷ್ಟು ಶುದ್ಧವಾಯಿತು, ಎಷ್ಟು ಹಾಗೇ ಹಳ್ಳಕ್ಕೆ ಹೋಯಿತು. ಈ ಐದು ಅಂಕಿಯನ್ನು ಪ್ರತಿ ತಿಂಗಳು ಹೊರಗೆ ಹಾಕಿ. ಅಂಕಿ ಚೆನ್ನಾಗಿಲ್ಲದಿದ್ದರೂ ಹಾಕಿ. ಬೈಯುವುದಕ್ಕಲ್ಲ, ಗೊತ್ತಿರಲಿ ಎಂದು ಕೇಳುತ್ತಿದ್ದೇವೆ. ಬೇಲೂರು, ಹಾಸನದ ನಿಮ್ಮ ಸಹೋದ್ಯೋಗಿಗಳ ಜೊತೆಯೂ ವರ್ಷಕ್ಕೆರಡು ಸಲ ಕೂತು ಈ ಹೊಳೆಯ ವಿಷಯ ಮಾತಾಡಿ. ಗಿರಿಯ ಕಡೆ ಎದ್ದಿರುವ ಹೋಂಸ್ಟೇ, ರೆಸಾರ್ಟುಗಳ ಕೊಳಚೆ, ಕಾಫಿ ಕೊಯ್ಲಿನ ತಿಂಗಳುಗಳಲ್ಲಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಯಂತ್ರದಿಂದ ಹಳ್ಳಕ್ಕೆ ಬರುವ ನೀರು, ಇವೂ ಆ ಮಾತಿನಲ್ಲಿ ಬರಲಿ. ನಗರದ ಗಡಿ ಮುಗಿದಲ್ಲಿ ಹೊಳೆ ಮುಗಿಯುವುದಿಲ್ಲ.

ಉಳಿದವು ಸಣ್ಣವು. ನೀರು ಬಿಡುವ ದಿನ, ಹೊತ್ತು ಹಿಂದಿನ ದಿನವೇ ತಿಳಿಸಿ. ಹೊಸ ಬಡಾವಣೆಗೆ ಒಪ್ಪಿಗೆ ಕೊಡುವ ಮೊದಲು ಅದರ ಕೊಳಚೆ ಎಲ್ಲಿಗೆ ಹೋಗುತ್ತದೆ ಎಂದು ಕೇಳಿ. ಶುದ್ಧ ಮಾಡಿದ ನೀರನ್ನು ಪಾರ್ಕಿಗೆ, ಕಟ್ಟಡದ ಕೆಲಸಕ್ಕೆ ಕೊಡಿ, ಅಷ್ಟು ಯಗಚಿಯ ನೀರು ಉಳಿಯುತ್ತದೆ. ಇದಕ್ಕೆಲ್ಲ ನೀರಿನ ಕಂದಾಯ ಸ್ವಲ್ಪ ಜಾಸ್ತಿ ಆಗಬೇಕು ಎಂದಾದರೆ ಲೆಕ್ಕ ತೋರಿಸಿ ಕೇಳಿ. ನಾನು ಕೊಡುತ್ತೇನೆ. ವಾಸನೆ ಬಂದ ವಾರ ಟ್ಯಾಂಕರಿಗೂ ಕ್ಯಾನ್ ನೀರಿಗೂ ನಾನು ಕೊಟ್ಟ ದುಡ್ಡು ಅದಕ್ಕಿಂತ ಎಷ್ಟೋ ದೊಡ್ಡದು.

ಈ ಪತ್ರ ಓದಿದ ಮೇಲೆ ನಿಮ್ಮಲ್ಲಿ ಯಾರಾದರೂ ಒಬ್ಬರು ನಮ್ಮ ಬೀದಿಗೆ ಬನ್ನಿ. ಆಫೀಸಿನ ಹೊತ್ತಿನಲ್ಲಿ ಬೇಡ. ನೀರು ಬಿಡುವ ದಿನ ಬೆಳಗಿನ ಜಾವ ಐದು ಗಂಟೆಗೆ ಬನ್ನಿ. ನಲ್ಲಿಯಿಂದ ಬರುವ ಮೊದಲ ಲೋಟ ನೀರನ್ನು ಒಟ್ಟಿಗೆ ನಿಂತು ನೋಡೋಣ, ಮೂಸೋಣ, ಪರೀಕ್ಷೆಗೆ ಬಾಟಲಿಗೆ ತುಂಬೋಣ. ನಮ್ಮ ವಾಟರ್‌ಮನ್ನನ್ನೂ ಕರೆದಿರುತ್ತೇನೆ. ಆಮೇಲೆ ಮೆಸ್ಸಿನಲ್ಲಿ ಕಾಫಿ ಕುಡಿದು ಹೋಗಿ. ಹತ್ತು ನಿಮಿಷ ಕುದಿಸಿದ ನೀರಿನಲ್ಲೇ ಮಾಡಿಕೊಡುತ್ತೇನೆ.

ಇತಿ ನಿಮ್ಮ ವಿಶ್ವಾಸಿ,
ಚಿಕ್ಕಮಗಳೂರಿನಲ್ಲಿ ಮೆಸ್ ನಡೆಸುವ ಒಬ್ಬ ಹೆಣ್ಣುಮಗಳು